ಸೋರುವ ದೋಣಿಗೆ ಘಟ್ಟದ ಮದ್ದು

ಮರದ ದೋಣಿ ನೀರಿನಲ್ಲಿ ಇರುವಷ್ಟು ದಿನ ಗಟ್ಟಿಮುಟ್ಟು. ದಡಕ್ಕೆಳೆದು ಬಿಸಿಲಿಗೆ ಬಿಟ್ಟರೆ ಸೋರಲು ಸಿದ್ಧವಾಗುತ್ತದೆ. ಏಪ್ರಿಲ್ ತಿಂಗಳ ಕಾವು ಕೆಲವು ದಿನ ಬಿದ್ದರೂ ಸಾಕು. ಹಲಗೆಗಳು ಒಣಗಿ ಕುಗ್ಗುತ್ತವೆ, ನಡುವಿನ ಸಂದು ಬಾಯಿಬಿಡುತ್ತದೆ, ಒಳಗೆ ಕೂತು ನೋಡಿದರೆ ಉದ್ದಕ್ಕೂ ಬೆಳಕಿನ ಗೆರೆಗಳು. ದೋಣಿ ಕೆಟ್ಟೇಹೋಯಿತೆಂದು ಗಾಬರಿಬೀಳುವವರು ಹೊಸಬರು. ಕರಾವಳಿಯ ಹಳಬರು ಮೊದಲು ಅದಕ್ಕೆ ತೆಂಗಿನ ಮಡಲಿನ ನೆರಳು ಮಾಡುತ್ತಾರೆ, ಒಳಮೈಗೆ ನೆನೆಸಿದ ಗೋಣಿ ಹಾಸುತ್ತಾರೆ, ರಿಪೇರಿಯ ಮಾತು ಆಮೇಲೆ. ಮರವನ್ನು ಎಷ್ಟು ಒಣಗಿಸಬೇಕು, ಎಷ್ಟು ತೇವ ಉಳಿಸಿಕೊಳ್ಳಬೇಕು ಎಂಬ ಹದ ತಿಳಿದವರಿಗೇ ಈ ಕೆಲಸ ಒಲಿಯುವುದು.

ಸಕಲೇಶಪುರ, ಆಲೂರಿನ ಬೆಟ್ಟದ ಮೇಲೆ ಕೂತು ದೋಣಿಯ ಮಾತಾಡಿದರೆ ಯಾರಿಗಾದರೂ ವಿಚಿತ್ರ ಅನ್ನಿಸೀತು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಊರು. ಕಾಫಿ, ಮೆಣಸು, ಏಲಕ್ಕಿಯ ಲೆಕ್ಕಾಚಾರದಲ್ಲೇ ವರ್ಷ ಕಳೆಯುವ ಜನ. ಆದರೆ ಕಡಲಿನ ದೋಣಿಗೆ ಬೇಕಾದ ಮುಖ್ಯ ಸಾಮಾನುಗಳನ್ನು ಪಟ್ಟಿಮಾಡಿ ನೋಡಿದರೆ ಹೊಯಿಗೆಯ ದಡದಲ್ಲಿ ಸಿಗುವುದು ತೆಂಗಿನ ನಾರು, ಮೀನೆಣ್ಣೆ ಮತ್ತು ಚಿಪ್ಪಿನ ಸುಣ್ಣ. ಉಳಿದದ್ದೆಲ್ಲ ಘಟ್ಟದ್ದು. ಹಲಗೆ ಘಟ್ಟದ ಮರ, ಕೂವೆಮರ ಘಟ್ಟದ ಮರ, ಸಂದಿಗೆ ಕಾಯಿಸಿ ಹೊಯ್ಯುವ ರಾಳವೂ ಘಟ್ಟದ ಮರದ ಗಾಯದಿಂದ ಇಳಿದದ್ದು.

ಸಕಲೇಶಪುರದಿಂದ ಬಿಸಿಲೆಯ ಕಡೆಗೆ ಹೋಗುವ ದಾರಿಯಲ್ಲಿ ಮಳೆನೀರು ಇಬ್ಭಾಗವಾಗುವ ಏಣು ಸಿಗುತ್ತದೆ. ಏಣಿನ ಪಡುವಲಿಗೆ ಬಿದ್ದ ಮಳೆ ಹಳ್ಳಕೊಳ್ಳ ಹಿಡಿದು ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಂದಿಗೆ ಕೂಡಿ, ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಮುಟ್ಟುತ್ತದೆ. ಮೂಡಲಿಗೆ ಬಿದ್ದದ್ದು ಹೇಮಾವತಿಯ ಪಾಲು. ಗೊರೂರಿನ ಅಣೆಕಟ್ಟೆ, ಕಾವೇರಿ, ಕೊನೆಗೆ ಬಂಗಾಳ ಕೊಲ್ಲಿ. ಎರಡೂ ನೀರಿಗೆ ಬೇರೆಬೇರೆ ದೋಣಿ, ಎರಡು ದೋಣಿಗೂ ಬೇರೆಬೇರೆ ಕಾಯಿಲೆ. ಆರೈಕೆಯ ಸಾಮಾನು ಮಾತ್ರ ಬಹುಪಾಲು ಈ ಒಂದೇ ಬೆಟ್ಟಸಾಲಿನಲ್ಲಿ ಬೆಳೆಯುತ್ತದೆ.

ಘಟ್ಟಕ್ಕೂ ಬಂದರಿಗೂ ನಡುವಿನ ದಾರಿ ಎಷ್ಟು ಮುಖ್ಯವಾಗಿತ್ತು ಎಂಬುದಕ್ಕೆ ಸಕಲೇಶಪುರದ ಮಂಜರಾಬಾದ್ ಕೋಟೆಯೇ ಸಾಕ್ಷಿ. 1792ರ ಸುಮಾರಿಗೆ ಟಿಪ್ಪು ಸುಲ್ತಾನ್ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರಾಕಾರದ ಈ ಕೋಟೆ ಕರಾವಳಿಯಿಂದ ಮೈಸೂರಿನ ಕಡೆಗೆ ಏರಿಬರುವ ಹಾದಿಯ ಮೇಲೆ ಕಣ್ಣಿಡುವಂತೆ ನಿಂತಿದೆ. ಅದೇ ದಶಕದಲ್ಲಿ, 1796ರಲ್ಲಿ, ಟಿಪ್ಪು ದೊಡ್ಡದೊಂದು ನೌಕಾಪಡೆಯ ಯೋಜನೆ ಹಾಕಿದ. ಮಂಗಳೂರು, ಮಿರ್ಜಾನ್, ಸದಾಶಿವಗಡದ ಬಳಿ ಹಡಗು ಕಟ್ಟಿಸಲು ಹುಕುಂ ಹೊರಟಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಕನಸು ಅಲ್ಲಿಗೇ ನಿಂತಿತು. ದಾರಿ ಮಾತ್ರ ನಿಲ್ಲಲಿಲ್ಲ. ಮುಂದೆ 19ನೇ ಶತಮಾನದಲ್ಲಿ ಮಂಜರಾಬಾದಿನ ಕಾಫಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಮಂಗಳೂರಿಗೆ ಹೋಯಿತು. ಅಲ್ಲಿಂದ ಉಪ್ಪು, ಒಣಮೀನು, ಹಂಚು ಮೇಲೆ ಹತ್ತಿದವು.

ಈಗ ಮರದ ವಿಷಯ. ಸಕಲೇಶಪುರದ ಹಳೆಯ ಕಾಫಿ ತೋಟಕ್ಕೆ ಹೊಕ್ಕರೆ ನೆಟ್ಟಗೆ ಮೇಲೇರಿ, ಮೈಗೆ ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ನಿಂತ ಹೆಬ್ಬಲಸು ಕಣ್ಣಿಗೆ ಬೀಳುತ್ತದೆ. ತೋಟದವರಿಗೆ ಅದು ನೆರಳಿನ ಮರ, ಬಾಗಿಲುವಾಡದ ಮರ. ಮಕ್ಕಳಿಗೆ ಬೇಸಿಗೆಯ ಹಣ್ಣು, ಸುಟ್ಟು ತಿನ್ನುವ ಬೀಜ. ಕಡಲಿನವರಿಗೆ ಅದೇ ಮರ ದೋಣಿ. ಹಲಸಿನ ಹತ್ತಿರದ ಬಂಧುವಾದ ಇದರ ಹಲಗೆ ತೇಗಕ್ಕಿಂತ ಅಗ್ಗ, ನೀರಿನಲ್ಲಿ ಬಾಳಿಕೆ ಹೆಚ್ಚುಕಡಿಮೆ ತೇಗದಷ್ಟೇ. ಕೇರಳದ ಹಾವುದೋಣಿಗಳ ಸ್ಪರ್ಧೆಯಲ್ಲಿ ನೂರು ಜನರನ್ನು ಹೊತ್ತು ಓಡುವ ದೋಣಿಗಳು ಇದೇ ಮರದವು. 1980ರಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಿ ಲೇಖಕ ಹಳೆಯ ಅರಬ್ ಹಡಗಿನ ಮಾದರಿಯಲ್ಲಿ ಒಮಾನಿನಲ್ಲಿ 'ಸೋಹಾರ್' ಹಡಗು ಕಟ್ಟಿಸಲು ಹೊರಟಾಗ ಮರಕ್ಕಾಗಿ ಬಂದದ್ದು ಮಲಬಾರಿಗೆ, ಆರಿಸಿದ್ದು ಹೆಬ್ಬಲಸನ್ನು. ಒಂದು ಮೊಳೆಯನ್ನೂ ಬಳಸದೆ ತೆಂಗಿನ ಹುರಿಯಿಂದ ಹಲಗೆಗಳನ್ನು ಹೊಲಿದ ಆ ಹಡಗು 1981ರಲ್ಲಿ ಚೀನಾದ ಕ್ಯಾಂಟನ್ ತಲುಪಿತು. ಈಗ ಅದನ್ನು ಮಸ್ಕತ್ತಿನ ಒಂದು ರಸ್ತೆ ವೃತ್ತದಲ್ಲಿ ಇಟ್ಟಿದ್ದಾರೆ.

ಕಿರಾಲುಬೋಗಿ ಇನ್ನೊಂದು. ಕಬ್ಬಿಣದಷ್ಟು ಗಟ್ಟಿ, ಗೆದ್ದಲು ಮುಟ್ಟದ ಮರ. ದೋಣಿಯ ಅಡಿಮರಕ್ಕೆ, ಒಳಗಿನ ಬಾಗುಮರಗಳಿಗೆ ಹೇಳಿ ಮಾಡಿಸಿದ್ದು. ಸುರಹೊನ್ನೆಯ ಬಳಗದ ಕಾಡುಮರಗಳು ಕೊಂಬೆಯಿಲ್ಲದೆ ಬಹು ಎತ್ತರ ನೆಟ್ಟಗೆ ಬೆಳೆಯುತ್ತವೆ. ಕೂವೆಮರಕ್ಕೆಂದು ಬ್ರಿಟಿಷರು ಕೊಡಗು ಮತ್ತು ಕನ್ನಡ ಜಿಲ್ಲೆಯ ಘಟ್ಟಗಳಲ್ಲಿ ಇವನ್ನು ಹುಡುಕಿ ಹುಡುಕಿ ಕಡಿಸಿದರು. ಆಲೂರಿನ ಕಡೆಯದು ಸ್ವಲ್ಪ ಒಣ ಕಾಡು. ಅಲ್ಲಿ ಮತ್ತಿ, ನಂದಿ, ಹೊನ್ನೆ. ಇವೂ ದೋಣಿಗೆ ಒದಗುವ ಮರಗಳೇ.

ರಾಳ ಕೊಡುವ ಮರಗಳು ಪಡುವಣ ಇಳಿಜಾರಿನಲ್ಲಿವೆ. ಕೆಂಪುಹೊಳೆ, ಬಿಸಿಲೆಯ ಕೆಳಗಿನ ನಿತ್ಯಹರಿದ್ವರ್ಣ ಕಾಡನ್ನು ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಜೆ.ಪಿ. ಪಾಸ್ಕಲ್ 1980ರ ದಶಕದಲ್ಲಿ ನಕ್ಷೆಗಿಳಿಸಿದಾಗ ಆ ಬಗೆಯ ಕಾಡಿಗೆ ಗುರುತಾಗಿ ಇಟ್ಟುಕೊಂಡ ಮರಗಳಲ್ಲಿ ಧೂಮ ಮತ್ತು ಎಣ್ಣೆಮರ ಎರಡೂ ಇವೆ. ಧೂಮದ ಕಾಂಡದಿಂದ ಅಂಟುಎಣ್ಣೆ ಬರುತ್ತದೆ. ಅದರ ಹತ್ತಿರದ ಬಂಧುಗಳ ಎಣ್ಣೆಯನ್ನೇ ಬರ್ಮಾ, ಚಿತ್ತಗಾಂಗಿನ ದೋಣಿಗಳಿಗೆ ತಲೆಮಾರುಗಳಿಂದ ಬಳಿದದ್ದು. ಎಣ್ಣೆಮರವೂ ಹಾಗೆಯೇ, ಮೈಯಲ್ಲಿ ಎಣ್ಣೆ ತುಂಬಿಕೊಂಡ ಮರ. ಇವೆರಡಕ್ಕಿಂತ ಹೆಸರಾದದ್ದು ಧೂಪದ ಮರ. ತೊಗಟೆಗೆ ಕಚ್ಚು ಹಾಕಿದರೆ ಬಿಳಿಹಳದಿಯ ರಾಳ ಒಸರಿ ಗಾಳಿಗೆ ಗಟ್ಟಿಯಾಗುತ್ತದೆ. ಮನೆಯಲ್ಲಿ ಅದನ್ನು ಕೆಂಡದ ಮೇಲೆ ಹಾಕುತ್ತಾರೆ. ಬಂದರಿನಲ್ಲಿ ಎಣ್ಣೆಯಲ್ಲಿ ಕಾಯಿಸಿ ದೋಣಿಯ ಸಂದಿಗೆ ಹೊಯ್ಯುತ್ತಾರೆ. ಪ್ಲೈವುಡ್ ಕಾರ್ಖಾನೆಗಳಿಗೆ ಧೂಪ, ಧೂಮ ಎರಡೂ ಇಷ್ಟದ ಮರಗಳಾದದ್ದರಿಂದ ಎರಡೂ ಈಗ ವಿರಳವಾಗಿ, ಕೆಂಪುಪಟ್ಟಿಗೆ ಸೇರಿವೆ. ರಾಳಕ್ಕಾಗಿ ಕಚ್ಚು ಹಾಕಿದ ಮರ ಬದುಕಿರುತ್ತದೆ, ಪದರ ಪದರವಾಗಿ ಸುಲಿಸಿಕೊಂಡ ಮರ ಬದುಕುವುದಿಲ್ಲ. ದೋಣಿಯವರು ಶತಮಾನಗಳಿಂದ ತೆಗೆದುಕೊಂಡರೂ ಖಾಲಿಯಾಗದ ಮರವನ್ನು ಪ್ಲೈವುಡ್ಡು ಕೆಲವೇ ದಶಕಗಳಲ್ಲಿ ಬರಿದು ಮಾಡಿತು.

ಹಳೆಯ ದೋಣಿಯ ರಿಪೇರಿ ಶುರುವಾಗುವುದು ಕಿವಿಯಿಂದ. ದೋಣಿಯನ್ನು ಮರದ ತುಂಡುಗಳ ಮೇಲೆ ಸಮನಾಗಿ ಕೂರಿಸಿ, ಹಲಗೆ ಹಲಗೆಗೂ ಕೊಡತಿಯಿಂದ ಮೆಲ್ಲಗೆ ತಟ್ಟುತ್ತ ಹೋಗಬೇಕು. ಒಳ್ಳೆಯ ಮರ ಟಣ್ಣೆನ್ನುತ್ತದೆ, ಕೊಳೆತದ್ದು ಮಂಕಾಗಿ ದೊಬ್ಬೆನ್ನುತ್ತದೆ. ಮಂಕು ಸದ್ದು ಕೇಳಿದಲ್ಲಿ ದಬ್ಬಳ ಚುಚ್ಚಿ ನೋಡಬೇಕು. ಬೆಣ್ಣೆಗೆ ಇಳಿದಂತೆ ಇಳಿದರೆ ಆ ಭಾಗ ಹೋಯಿತು. ಅಡಿಮರಕ್ಕೆ ತಾಗಿಕೊಂಡ ಮೊದಲ ಹಲಗೆ, ಮೂತಿಯ ತುದಿ, ಮೊಳೆಗಳ ಸುತ್ತ, ಮಳೆನೀರು ನಿಲ್ಲುವ ಮೂಲೆ: ಕೊಳೆ ಹಿಡಿಯುವುದು ಹೆಚ್ಚಾಗಿ ಇಂಥಲ್ಲೇ. ಮರದ ತೇವ ಶೇ. 20ರ ಆಸುಪಾಸು ದಾಟಿ, ಗಾಳಿಯೂ ಸಿಕ್ಕಿದರೆ ಬೂಷ್ಟು ಬದುಕುತ್ತದೆ. ಪೂರ್ತಿ ಮುಳುಗಿದ ಮರಕ್ಕೆ ಗಾಳಿ ಸಿಗದು, ಪೂರ್ತಿ ಒಣಗಿದ ಮರಕ್ಕೆ ನೀರು ಸಿಗದು. ನಡುವೆ, ಒಂದು ದಿನ ಒದ್ದೆ ಒಂದು ದಿನ ಒಣ ಎಂಬಂಥ ಜಾಗವೇ ಕೊಳೆಯುವುದು. ಆದ್ದರಿಂದಲೇ ಕಡಲಿನ ನೀರಿಗಿಂತ ಮಳೆಯ ನೀರು ದೋಣಿಗೆ ಹೆಚ್ಚು ಕೆಡುಕು. ಉಪ್ಪು ಮರವನ್ನು ಒಂದು ಮಟ್ಟಿಗೆ ಕಾಯುತ್ತದೆ, ಸಿಹಿನೀರು ಕಾಯುವುದಿಲ್ಲ.

ಮೊಳೆಯದ್ದು ಇನ್ನೊಂದು ಕತೆ. ಒದ್ದೆ ಮರದೊಳಗಿನ ಕಬ್ಬಿಣದ ಮೊಳೆ ತುಕ್ಕು ಹಿಡಿದು ಉಬ್ಬುತ್ತದೆ, ಸುತ್ತಲ ಮರವನ್ನು ಕಪ್ಪು ಮಾಡಿ ಮೆತ್ತಗಾಗಿಸುತ್ತದೆ. ಕಡೆಗೆ ಮೊಳೆಗೆ ಹಿಡಿಯಲು ಮರವೇ ಉಳಿದಿರುವುದಿಲ್ಲ. ಹಳೆಯದನ್ನು ಕಿತ್ತು, ತೂತಿಗೆ ಮರದ ಬೆಣೆ ಬಡಿದು, ಪಕ್ಕದಲ್ಲಿ ಹೊಸ ಮೊಳೆ ಹೊಡೆಯಬೇಕು. ಕಬ್ಬಿಣದ ಮೊಳೆಗಳ ನಡುವೆ ಒಂದೆರಡು ತಾಮ್ರದವನ್ನು ಸೇರಿಸುವುದು ದೊಡ್ಡ ತಪ್ಪು. ಉಪ್ಪುನೀರಿನಲ್ಲಿ ಎರಡು ಲೋಹ ಹತ್ತಿರವಿದ್ದರೆ ತಾಮ್ರ ಉಳಿದು ಕಬ್ಬಿಣ ಕರಗುತ್ತದೆ.

ಕೊಳೆತ ಹಲಗೆಯನ್ನು ಇಡಿಯಾಗಿ ಬದಲಿಸಬೇಕಿಲ್ಲ. ಕೆಟ್ಟಷ್ಟನ್ನು ಗಟ್ಟಿಮರ ಸಿಗುವವರೆಗೆ ಕತ್ತರಿಸಿ, ತುದಿಗಳನ್ನು ಉದ್ದನೆಯ ಓರೆಯಾಗಿ ಕೀಸಿ, ಅದೇ ಜಾತಿಯ ಮರದ ತುಂಡನ್ನು ಕೂರಿಸುವುದು ಒಳ್ಳೆಯ ಬಡಗಿಯ ರೀತಿ. ಓರೆ ಎಷ್ಟು ಉದ್ದವೋ ಬೆಸುಗೆ ಅಷ್ಟು ಬಲ. ಹಲಗೆಯ ದಪ್ಪದ ಎಂಟರಿಂದ ಹನ್ನೆರಡು ಪಟ್ಟು ಇದ್ದರೆ ಸರಿ. ಹಸಿಮರ ಹಾಕಿದರೆ ಅದು ಮುಂದೆ ಒಣಗಿ ಎಳೆದುಕೊಳ್ಳುತ್ತದೆ. ಒಂದು ಅಡಿ ಅಗಲದ ಹಲಗೆ ಶೇ. 2ರಷ್ಟು ಕುಗ್ಗಿದರೂ ಆರು ಮಿಲಿಮೀಟರ್ ಸಂದು ಬಿಟ್ಟಂತೆ. ಮರ ಉದ್ದಕ್ಕೆ ಬಹುತೇಕ ಕುಗ್ಗದು. ಅಗಲಕ್ಕೆ ಕುಗ್ಗುತ್ತದೆ, ಅದರಲ್ಲೂ ಉಂಗುರಗೆರೆಯ ಗುಂಟ ಕುಗ್ಗುವುದು ಗೆರೆಗೆ ಅಡ್ಡಲಾಗಿ ಕುಗ್ಗುವುದರ ಸುಮಾರು ಎರಡರಷ್ಟು. ದಿಮ್ಮಿಯಿಂದ ಹಲಗೆ ಸೀಳುವವನು ಗರಗಸ ಯಾವ ಕಡೆಯಿಂದ ಹಚ್ಚಿದ ಎಂಬುದು ಇಪ್ಪತ್ತು ವರ್ಷಗಳ ನಂತರ ದೋಣಿ ಎಷ್ಟು ಸೋರುತ್ತದೆ ಎಂಬುದನ್ನು ನಿರ್ಧರಿಸುತ್ತದೆ.

ಇನ್ನು ಸಂದು. ಹಳೆಯ ನಾರು, ಗಟ್ಟಿಗಟ್ಟಿದ ರಾಳ, ಹಿಂದಿನವರ್ಯಾರೋ ಮೆತ್ತಿದ ಸಿಮೆಂಟು, ಎಲ್ಲವನ್ನೂ ಕೊಕ್ಕೆಯಂಥ ಉಳಿಯಿಂದ ಕೆರೆದು ತೆಗೆಯಬೇಕು. ಅವಸರದಲ್ಲಿ ಹಲಗೆಯ ಅಂಚು ಕಿತ್ತುಬಂದರೆ ಸಂದು ಅಗಲವಾಗಿ ಕೆಲಸ ಇಮ್ಮಡಿ. ಒಳ್ಳೆಯ ಸಂದು ಹೊರಗೆ ಅಗಲ, ಒಳಗೆ ಕಿರಿದು. ನಾರು ತುಂಬಿದರೆ ಬೆಣೆಯಂತೆ ಸಿಕ್ಕಿಕೊಳ್ಳುವುದೇ ಹೊರತು ಒಳಕ್ಕೆ ಜಾರುವುದಿಲ್ಲ. ತುಂಬಲು ಹತ್ತಿಯ ಬತ್ತಿ ಅಥವಾ ಮೆದುಮಾಡಿದ ತೆಂಗಿನ ನಾರು, ಎಣ್ಣೆ-ರಾಳದಲ್ಲಿ ಅದ್ದಿ ಹಿಂಡಿದ್ದು. ಮೊಂಡು ಉಳಿಯಿಟ್ಟು ಕೊಡತಿಯಿಂದ ಬಡಿಯುತ್ತ ಹೋದಂತೆ ಸದ್ದು ಬದಲಾಗುತ್ತದೆ. ಸಡಿಲ ನಾರಿನ ಮೆತ್ತನೆ ಸದ್ದು ಕ್ರಮೇಣ ಮರದ ಸದ್ದಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು.

ನಿಲ್ಲಿಸುವುದೇ ಕಷ್ಟ. ಇನ್ನೂ ನಾಲ್ಕು ಏಟು ಹಾಕಿದರೆ ಭದ್ರವೆಂದು ಯಾರಿಗೂ ತೋರುತ್ತದೆ. ಆದರೆ ದೋಣಿ ನೀರಿಗಿಳಿದ ಮೇಲೆ ಹಲಗೆ ಊದಿಕೊಳ್ಳುತ್ತದಲ್ಲ, ಆಗ ಸಂದಿನೊಳಗೆ ಬಿಗಿದು ತುಂಬಿದ ನಾರಿಗೆ ಹೋಗಲು ಜಾಗವಿಲ್ಲ. ಹಲಗೆಗಳು ಒಂದನ್ನೊಂದು ತಳ್ಳುತ್ತವೆ, ಮೊಳೆ ಸಡಿಲುತ್ತದೆ, ಒಳಗಿನ ಬಾಗುಮರ ಸೀಳುತ್ತದೆ. ನಾರು ಸಾಲದೆ ಕೆಟ್ಟ ದೋಣಿಯನ್ನು ಇನ್ನೊಮ್ಮೆ ಸರಿಮಾಡಬಹುದು. ನಾರು ಹೆಚ್ಚಾಗಿ ಮುರಿದ ದೋಣಿಗೆ ಹೊಸ ಎಲುಬೇ ಬೇಕು. ದೋಣಿಯ ಸಂದು ಮುಚ್ಚುವ ವಿದ್ಯೆಯೆಲ್ಲ ಇರುವುದು ಇಲ್ಲಿ: ನೀರನ್ನು ತಡೆಯುವ ವಸ್ತು ಮರ ಸರಿದಂತೆ ತಾನೂ ಸರಿಯಬೇಕು. ನಾರು ಅಮುಕಿಕೊಳ್ಳುತ್ತದೆ, ರಾಳ ಬಳುಕುತ್ತದೆ, ಎಣ್ಣೆ ಒಣಗದೆ ಜೀವ ಹಿಡಿದಿರುತ್ತದೆ. ಉಳಿದ ಬಿರುಕನ್ನು ನೀರು ತಾನೇ ಮರವನ್ನು ಊದಿಸಿ ಮುಚ್ಚುತ್ತದೆ.

ಮೇಲೆ ಹೊಯ್ಯುವ ಪಾಕಕ್ಕೂ ಇದೇ ನಿಯಮ. ರಾಳ ಹೆಚ್ಚಾದರೆ ಗಾಜಿನಂತೆ ಸಿಡಿಯುತ್ತದೆ, ಎಣ್ಣೆ ಹೆಚ್ಚಾದರೆ ಕೈಗೆ ಅಂಟುತ್ತಲೇ ಇರುತ್ತದೆ. ಕಡ್ಡಿಗೆ ಅದ್ದಿ ಆರಿಸಿ, ಬಗ್ಗಿಸಿ ನೋಡುವುದು ಹದದ ಪರೀಕ್ಷೆ. ಕರಾವಳಿಯಲ್ಲಿ ಎಣ್ಣೆಯೆಂದರೆ ಭೂತಾಯಿ ಮೀನಿನದು. ಸುರಹೊನ್ನೆ ಕಾಯಿಯ ಎಣ್ಣೆಯೂ ಒದಗುತ್ತದೆ. ಸುರಹೊನ್ನೆಯ ಸಸಿಗಳನ್ನು ಹಾಸನದ ಪಕ್ಕದ ಮಡೆನೂರಿನಲ್ಲಿರುವ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವೂ ಹೊಂಗೆ, ಬೇವು, ಹಿಪ್ಪೆಗಳ ಜೊತೆಗೆ ಬೆಳೆಸುತ್ತದೆ. ಡೀಸೆಲ್ಲಿಗೆ ಬದಲಿ ಹುಡುಕಿ ನೆಟ್ಟ ಮರ ದೋಣಿಗೂ ಆದೀತು. ಹೊರಮೈಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದುಂಟು. ಅದು ಹುಳ ಹುಪ್ಪಟೆಗೆ ಆಗದು, ಮನುಷ್ಯನ ಚರ್ಮಕ್ಕೂ ಆಗದು. ಕೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ರಾಳದ ಪಾಕಕ್ಕೆ ಬೆಂಕಿ ಹತ್ತುವುದೂ ಬೇಗ. ದೋಣಿಯಿಂದ ದೂರದಲ್ಲಿ, ಸಣ್ಣ ಉರಿಯಲ್ಲಿ ಕಾಯಿಸಬೇಕು.

ಮೊಳೆಯೇ ಇಲ್ಲದ ದೋಣಿಯಲ್ಲಿ ಮರದೊಂದಿಗೆ ಸರಿಯುವ ಈ ಬಳುಕು ಇನ್ನೂ ಹೆಚ್ಚು. 14ನೇ ಶತಮಾನದಲ್ಲಿ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಕಂಡ ಇಬ್ನ್ ಬತೂತ, ಈ ಕಡಲಿನ ಹಡಗುಗಳನ್ನು ತೆಂಗಿನ ಹುರಿಯಿಂದ ಹೊಲಿಯುವುದಕ್ಕೆ ಕಾರಣವನ್ನೂ ಹೇಳಿದ್ದಾನೆ. ಮೊಳೆ ಹೊಡೆದ ಹಡಗು ಬಂಡೆಗೆ ಬಡಿದರೆ ಒಡೆಯುತ್ತದೆ, ಹೊಲಿದದ್ದು ಬಳುಕಿ ಉಳಿಯುತ್ತದೆ ಎಂಬುದು ಅವನ ವಿವರಣೆ. ನಮ್ಮ ಕರಾವಳಿಯ ರಂಪಣಿ ಬಲೆಯ ದೋಣಿಗಳೂ ಹೊಲಿದ ದೋಣಿಗಳೇ ಆಗಿದ್ದವು. ದಿನವೂ ಅಲೆಯ ಬಾಯಿಂದ ಹೊಯಿಗೆಗೆ ಎಳೆಯುವ ದೋಣಿಗೆ ಅದೇ ಸರಿ. ಹಗ್ಗವನ್ನು ನಿಯಮವಾಗಿ ಬಿಚ್ಚಿ ಮತ್ತೆ ಹೊಲಿಯುವಾಗ ಹಲಗೆಯ ಎರಡೂ ಅಂಚು ಬಡಗಿಯ ಕಣ್ಣಿಗೆ ಬೀಳುತ್ತಿತ್ತು. ಕೊಳೆ ಅಡಗಿ ಕೂರಲು ಜಾಗವಿರಲಿಲ್ಲ. 1970ರ ದಶಕದ ಕೊನೆಗೆ ಪರ್ಸೀನ್ ಬಲೆಯ ಬೋಟುಗಳು ಬಂದು ರಂಪಣಿ ಮೂಲೆ ಸೇರಿತು, ಜೊತೆಗೆ ಹೊಲಿಯುವ ಕೈಗಳೂ ಕಡಿಮೆಯಾದವು.

ಪೂರ್ತಿ ಅಳಿಯಲಿಲ್ಲವೆಂಬುದು ಸಂತೋಷದ ಸಂಗತಿ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಭಾರತೀಯ ನೌಕಾಪಡೆಗೆ ಸೇರಿದ 'ಕೌಂಡಿನ್ಯ' ಹಡಗು 5ನೇ ಶತಮಾನದ ಅಜಂತಾ ಚಿತ್ರವೊಂದರ ಆಧಾರದ ಮೇಲೆ ರೂಪುಗೊಂಡದ್ದು. ಕೇರಳದ ಬಾಬು ಶಂಕರನ್ ಅವರ ನೇತೃತ್ವದ ಕುಶಲಿಗರು ಗೋವಾದಲ್ಲಿ ಅದರ ಹಲಗೆಗಳನ್ನು ತೆಂಗಿನ ಹಗ್ಗದಿಂದ ಹೊಲಿದು, ನಾರು ಮತ್ತು ರಾಳದಿಂದ ಸಂದು ಮುಚ್ಚಿದರು. ಅಂಥ ಹಡಗಿನ ನಕ್ಷೆ ಎಲ್ಲೂ ಉಳಿದಿರಲಿಲ್ಲ. ಐಐಟಿ ಮದ್ರಾಸಿನಲ್ಲಿ ಮಾದರಿಯನ್ನು ನೀರಿಗಿಳಿಸಿ ಪರೀಕ್ಷಿಸಿ ನೋಡಬೇಕಾಯಿತು. ಹೊಲಿಗೆಯ ವಿದ್ಯೆಗೆ ಪರೀಕ್ಷೆ ಬೇಕಾಗಲಿಲ್ಲ, ಅದು ಬೆರಳುಗಳಲ್ಲಿ ಉಳಿದಿತ್ತು.

ಕಡಲ ದೋಣಿಯ ಮಹಾಶತ್ರು ಹಡಗುಹುಳು. ಹುಳುವೆನ್ನುವುದು ರೂಢಿಗೆ, ಜಾತಿಯಲ್ಲಿ ಅದು ಕಪ್ಪೆಚಿಪ್ಪಿನ ಬಳಗ. ಕಣ್ಣಿಗೆ ಕಾಣದ ಮರಿಯಾಗಿ ಮರದೊಳಕ್ಕೆ ಹೊಕ್ಕು, ಒಳಗೇ ಬೆಳೆಯುತ್ತ ಮರವನ್ನು ಟೊಳ್ಳು ಮಾಡುತ್ತದೆ; ಹೊರಗೆ ಸೂಜಿಮೊನೆಯ ತೂತಷ್ಟೇ. ಬ್ರಿಟಿಷ್ ನೌಕಾಪಡೆ 1761ರಲ್ಲಿ 'ಅಲಾರ್ಮ್' ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿ ನೋಡಿದ್ದು ಇದರ ಕಾಟಕ್ಕೇ. 'ಸೋಹಾರ್' ಹಡಗಿಗೆ ಬಳಿದದ್ದು ಅರಬರ ಹಳೆಯ ಮದ್ದು, ಸುಣ್ಣ ಮತ್ತು ಕುರಿಯ ಕೊಬ್ಬಿನ ಮಿಶ್ರಣ. ಬೆಂಗಳೂರಿನ ಮರ ವಿಜ್ಞಾನ ಸಂಸ್ಥೆಯವರು ಕಡಲಿನಲ್ಲಿ ಮರದ ತುಂಡುಗಳನ್ನು ಇಳಿಬಿಟ್ಟು ಯಾವ ಮರ ಎಷ್ಟು ಕಾಲ ತಡೆಯುತ್ತದೆ ಎಂದು ವರ್ಷಗಟ್ಟಲೆ ಪರೀಕ್ಷಿಸಿದ್ದೂ ಇದೇ ಜೀವಿಯ ದೆಸೆಯಿಂದ.

ಈ ಹುಳುವಿಗೆ ಒಂದು ಸುಲಭದ ಮದ್ದಿದೆ, ಸಿಹಿನೀರು. ಉಪ್ಪಿಲ್ಲದ ನೀರಿನಲ್ಲಿ ಅದು ಬದುಕದು. ದೋಣಿಯನ್ನು ನದಿಯೊಳಗೆ ಒಯ್ದು ಕೆಲವು ವಾರ ನಿಲ್ಲಿಸುವ ಪದ್ಧತಿ ಲೋಕದ ಎಷ್ಟೋ ಬಂದರುಗಳಲ್ಲಿತ್ತು. ಮಂಗಳೂರಿನ ಹಳೆಯ ಬಂದರಿಗೆ ಆ ಕೆಲಸವನ್ನು ಮಳೆಗಾಲವೇ ಮಾಡಿಕೊಡುತ್ತದೆ. ಜೂನ್, ಜುಲೈನಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳು ತುಂಬಿ ಇಳಿದಾಗ ಅಳಿವೆಯ ನೀರು ಸಪ್ಪೆಯಾಗುತ್ತದೆ. ಆ ಸಪ್ಪೆ ನೀರಿನಲ್ಲಿ ಒಂದು ಪಾಲು ಸಕಲೇಶಪುರದ ಪಡುವಣ ಕಾಡಿನ ಮಳೆ. ಆ ಕಾಡಿನ ಎತ್ತಿನಹೊಳೆಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರ ತಾಲ್ಲೂಕಿನಲ್ಲೇ ಚಾಲನೆ ಸಿಕ್ಕಿತು. ಕುಡಿಯುವ ನೀರಿನ ಹಸಿವು ದೊಡ್ಡದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೂ ಘಟ್ಟದ ನೀರು ಕಡಲಿಗೆ ಹೋಗಿ ಸುಮ್ಮನೆ ವ್ಯರ್ಥವಾಗುತ್ತದೆ ಎಂಬ ಮಾತು ನಿಜವಲ್ಲ. ಅಳಿವೆಯ ಮೀನಿಗೂ ಮರದ ದೋಣಿಗೂ ಅದು ಬೇಕು.

ಏಣಿನ ಮೂಡಲಿಗೆ ಹುಳುವಿನ ಭಯವಿಲ್ಲ, ಕೊಳೆಯದ್ದೇ ಭಯ. ಮೂಡಿಗೆರೆ ತಾಲ್ಲೂಕಿನ ಜಾವಳಿಯ ಹತ್ತಿರ ಹುಟ್ಟುವ ಹೇಮಾವತಿ ಸಕಲೇಶಪುರ ದಾಟಿ ಆಲೂರಿನ ಕಡೆ ಬರುವ ಹೊತ್ತಿಗೆ ಹಿನ್ನೀರಾಗಿ ಹರಡಿಕೊಂಡಿರುತ್ತದೆ. ಗೊರೂರಿನ ಅಣೆಕಟ್ಟೆ 1979ರಲ್ಲಿ ಮುಗಿದು, 2922 ಅಡಿಯ ಮಟ್ಟಕ್ಕೆ 37 ಟಿಎಂಸಿ ನೀರು ನಿಲ್ಲುವಂತಾದಾಗ ಎಷ್ಟೋ ಊರುಗಳು ಮುಳುಗಿದವು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಶೆಟ್ಟಿಹಳ್ಳಿಯ ಚರ್ಚು ಇಂದಿಗೂ ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ನೆಲದ ಮೇಲೆ ನಿಲ್ಲುತ್ತದೆ. ಅದರ ಸುತ್ತಲ ಹಿನ್ನೀರಿನಲ್ಲಿ ಮೀನಿಗೆ ಬಲೆ ಬಿಡುವವರು ಓಡಾಡುವುದು ಹರಿಗೋಲಿನಲ್ಲಿ.

ಹರಿಗೋಲಿಗೆ ಹಲಗೆಯೂ ಇಲ್ಲ, ಮೊಳೆಯೂ ಇಲ್ಲ. ಬಿದಿರಿನ ಸೀಳುಗಳನ್ನು ಅಡ್ಡ-ಉದ್ದ ಹೆಣೆದು, ಬಾಯಿಗೆ ದಪ್ಪ ಅಂಚು ಕಟ್ಟಿದರೆ ಚೌಕಟ್ಟು ಮುಗಿಯಿತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಇದನ್ನೇ ಕಂಡು, ಚರ್ಮ ಹೊದಿಸಿದ ದುಂಡು ದೋಣಿಯಲ್ಲಿ ಹದಿನೈದಿಪ್ಪತ್ತು ಜನ ದಾಟುತ್ತಾರೆ, ಅದು ಸುತ್ತುತ್ತಲೇ ಮುಂದೆ ಹೋಗುತ್ತದೆ ಎಂದು ಬರೆದಿಟ್ಟ. ಇರಾಕಿನ ಟೈಗ್ರಿಸ್ ನದಿಯಲ್ಲಿ ಇದರ ಅಣ್ಣತಮ್ಮಂದಿರಿಗೆ ನೆಲದಿಂದ ಉಕ್ಕುವ ಡಾಂಬರನ್ನೇ ಬಳಿಯುತ್ತಿದ್ದರು. ನಮ್ಮಲ್ಲಿ ಚರ್ಮದ ಕಾಲ ಮುಗಿದಿದೆ. ಈಗ ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಬಿಡಿಸಿ ಹೊಲಿದು ಹೊದಿಸಿ, ಮೇಲೆ ಡಾಂಬರು ಕಾಯಿಸಿ ಬಳಿಯುತ್ತಾರೆ. ಚರ್ಮದ ಹರಿಗೋಲನ್ನು ದಿನವೂ ದಡಕ್ಕೆತ್ತಿ ಬೋರಲು ಹಾಕಿ ಒಣಗಿಸದಿದ್ದರೆ ಕೊಳೆಯುತ್ತಿತ್ತು. ಹಲಗೆಯ ದೋಣಿಯನ್ನು ಒಣಗಲು ಬಿಟ್ಟರೆ ಕೆಡುತ್ತದೆ. ಡಾಂಬರಿನದಕ್ಕೆ ಬಿಸಿಲು ಹೆಚ್ಚಾದರೆ ಡಾಂಬರು ಕರಗಿ ಜಾರುತ್ತದೆ, ಚಳಿಗೆ ಬಿರುಕು ಬಿಡುತ್ತದೆ. ರಿಪೇರಿಯೆಂದರೆ ಹರಿದಲ್ಲಿ ತೇಪೆಯಿಟ್ಟು, ಹಳೆಯ ಪದರವನ್ನು ಬಿಸಿಲಿಗೆ ಮೆತ್ತಗಾಗಿಸಿ ಒತ್ತಿ, ಹೊಸ ಡಾಂಬರು ಎಳೆಯುವುದು. ಬಿದಿರು ಹುಳ ಹಿಡಿದಿದ್ದರೆ ಆ ಸೀಳನ್ನಷ್ಟೇ ಬದಲಿಸಿ ಹೆಣೆಯುವುದು. ಬುಟ್ಟಿ ಹೆಣೆಯುವ ಮೇದರ ಕೈಚಳಕವೇ ಇಲ್ಲಿ ದೋಣಿಕಟ್ಟುವ ವಿದ್ಯೆ. ಹರಿಗೋಲಿನ ಜೀವವೂ ಅದರ ಬಳುಕಿನಲ್ಲಿದೆ: ತಳಕ್ಕೆ ಕಲ್ಲು ತಾಗಿದರೆ ಬಿದಿರು ಒಳಗೆ ಬಗ್ಗಿ ಮತ್ತೆ ನೆಟ್ಟಗಾಗುತ್ತದೆ.

ಈಚೆಗೆ ಹಳೆಯ ಮರದ ದೋಣಿಯ ಮೇಲೆ ಫೈಬರ್ ಗ್ಲಾಸ್ ಹೊದಿಸಿಬಿಟ್ಟರೆ ಚಿಂತೆಯೇ ಇಲ್ಲ ಎಂಬ ನಂಬಿಕೆ ಬೆಳೆದಿದೆ. ಹೊಸ ಮರಕ್ಕಾದರೆ ಮಾತು ಬೇರೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಅಗ್ಗದ ರಬ್ಬರ್ ಮರಕ್ಕೆ ರಾಸಾಯನಿಕ ಉಣಿಸಿ, ಒಣಗಿಸಿ, ಮೇಲೆ ಫೈಬರ್ ಹೊದಿಸಿ ದೋಣಿ ಮಾಡಿ ತೋರಿಸಿದೆ. ಅದು ಒಳ್ಳೆಯ ಕೆಲಸ. ಹತ್ತಿಪ್ಪತ್ತು ವರ್ಷ ನೀರು ಕುಡಿದ ಮರದ ಮೇಲೆ ಅದೇ ಹೊದಿಕೆ ಹಾಕುವುದು ಹೆಚ್ಚಿನ ಸಲ ದೋಣಿಗೆ ಅಪಾಯ. ಒದ್ದೆ, ಎಣ್ಣೆ ಕುಡಿದ ಹಲಗೆಗೆ ಅಂಟು ಹಿಡಿಯುವುದಿಲ್ಲ. ಒಳಗಿನ ಮರ ಊದುತ್ತ ಕುಗ್ಗುತ್ತ ಇರುವಾಗ ಮೇಲಿನ ಗಟ್ಟಿ ಪದರ ಒಂದು ಕಡೆ ಬಿರಿಯುತ್ತದೆ, ಅಲ್ಲಿಂದ ಹೊಕ್ಕ ನೀರಿಗೆ ಹೊರಗೆ ಬರುವ ದಾರಿಯಿಲ್ಲ. ಹೊರಗಿನಿಂದ ಹೊಳೆಯುವ ದೋಣಿ ಒಳಗೇ ಕೊಳೆಯುತ್ತದೆ. ತಟ್ಟಿ ನೋಡಲೂ ಆಗದು, ಚುಚ್ಚಿ ನೋಡಲೂ ಆಗದು. ದಾರಿಯಲ್ಲಿ ತೂತು ಬಿದ್ದರೆ ದಡ ಮುಟ್ಟುವ ಮಟ್ಟಿಗೆ ಸಿಮೆಂಟೋ ಪುಟ್ಟಿಯೋ ಮೆತ್ತುವುದು ಸರಿ. ದಡ ಮುಟ್ಟಿದ ಮೇಲೆ ಅದನ್ನು ಕಿತ್ತು ಸಂದನ್ನು ಸಂದಿನಂತೆಯೇ ಮುಚ್ಚುವುದು ಸರಿ.

ಅದಕ್ಕೆ ಮರ, ರಾಳ ಸಿಗಬೇಕಷ್ಟೆ. ನಿತ್ಯಹರಿದ್ವರ್ಣ ಕಾಡಿನಲ್ಲಿ ಹಸಿಮರ ಕಡಿಯುವುದು ನಿಂತು ದಶಕಗಳಾದವು, ಅದು ನಿಂತದ್ದೇ ಒಳ್ಳೆಯದಾಯಿತು. ಉಳಿದಿರುವುದು ತೋಟಗಳು. ಬೇಗ ಬೆಳೆಯುತ್ತದೆ, ಬೇಗ ಮಾರಬಹುದು ಎಂದು ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಸಾಲುಸಾಲಾಗಿ ಬಂದಿದೆ. ಪ್ಲೈವುಡ್ಡಿಗೆ ಆಗುವ ಆ ಮರ ನೀರಿನಲ್ಲಿ ನಿಲ್ಲದು. ಹೆಬ್ಬಲಸು ನಿಧಾನ; ನೆಟ್ಟವರ ಮಕ್ಕಳ ಕಾಲಕ್ಕೆ ಹಲಗೆಯಾಗುವ ಮರ. ಹಾಗಿದ್ದೂ ನೆರಳು, ಮೆಣಸಿಗೆ ಆಸರೆ, ಹಕ್ಕಿಗೆ ಹಣ್ಣು, ಮನೆಗೆ ಬಾಗಿಲು ಎಲ್ಲವನ್ನೂ ಕೊಡುವ ಮರವನ್ನು ತೋಟದಿಂದ ತೆಗೆದುಹಾಕಿದರೆ ಮುಂದಿನ ಬಡಗಿಗೆ ಓರೆ ತುಂಡು ಕೂರಿಸಲೂ ಅದೇ ಜಾತಿಯ ಮರ ಸಿಗುವುದಿಲ್ಲ. ತೋಟದ ಅಂಚಿನಲ್ಲಿ, ಹಳ್ಳದ ಪಕ್ಕದಲ್ಲಿ ನಾಲ್ಕು ಧೂಪ, ನಾಲ್ಕು ಹೆಬ್ಬಲಸು ಉಳಿಸಿಕೊಂಡಿರುವ ಬೆಳೆಗಾರರು ಸಕಲೇಶಪುರದಲ್ಲಿ ಈಗಲೂ ಇದ್ದಾರೆ. ಕಡಲಿನವರು ಅವರಿಗೆ ಋಣಿಗಳು.

ಕೆಲಸಕ್ಕೆ ಕಾಲವೂ ಗೊತ್ತಾಗಿದೆ. ಪಡುಗಡಲಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟುಗಳು ದಡ ಹತ್ತುವುದು ಆಗಲೇ. ಮಳೆಗಾಲದಲ್ಲೂ ಕಡಲಿಗಿಳಿಯುವ ನಾಡದೋಣಿಯವರು ಮೇ ತಿಂಗಳಲ್ಲೇ ಸಂದು ಮುಗಿಸಿಕೊಳ್ಳಬೇಕು. ಹೇಮಾವತಿಯ ಹಿನ್ನೀರಿನವರಿಗೂ ಹಾಗೆಯೇ, ಜುಲೈನಲ್ಲಿ ನೀರು ಏರುವ ಮುಂಚೆ ಡಾಂಬರು ಒಣಗಿರಬೇಕು. ಸಂದು ಮುಚ್ಚಿದ ಹಲಗೆಯ ದೋಣಿಯನ್ನು ನೀರಿಗೆ ತಳ್ಳಿದ ಮೊದಲ ದಿನ ಅದು ಸೋರುತ್ತದೆ, ಸೋರಲೇಬೇಕು. ದಡದ ಹತ್ತಿರ ಕಟ್ಟಿ, ಅಡಿಕೆ ಹಾಳೆಯಿಂದಲೋ ಚಿಪ್ಪಿನಿಂದಲೋ ನೀರು ಗೋರಿ ಹಾಕುತ್ತ ಕಾಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಹಲಗೆ ಊದಿದಂತೆ ನೀರು ಕಡಿಮೆಯಾಗುತ್ತದೆ. ಎರಡು ಮೂರು ದಿನವಾದರೂ ಎಲ್ಲಿ ಹನಿ ನಿಲ್ಲಲಿಲ್ಲವೋ ಅಲ್ಲಿ ಒಳಗಿನಿಂದ ಇದ್ದಿಲಿನ ಗೆರೆ ಎಳೆದು, ದೋಣಿಯನ್ನು ಮತ್ತೆ ಮೇಲಕ್ಕೆ ತಂದು, ಗೆರೆಯಷ್ಟುದ್ದದ ನಾರನ್ನು ಮಾತ್ರ ಬಿಚ್ಚಿ ಹೊಸದಾಗಿ ತುಂಬುತ್ತಾರೆ. ಹಲಗೆ ಪೂರ್ತಿ ಒಣಗುವ ಮುಂಚೆ ದೋಣಿಯನ್ನು ಮತ್ತೆ ನೀರಿಗಿಳಿಸುತ್ತಾರೆ.